ಕಾರಿನ ಕೆಂಪು ದೀಪ ಏನು ಹೇಳುತ್ತದೆ?



ನಮ್ಮ ಚಿಕ್ಕಪ್ಪನ ಹಳೇ ಕಾರಿನಲ್ಲಿ ಓಡುವಾಗಲೇ ಬ್ಯಾಟರಿ ಚಿತ್ರದ ಕೆಂಪು ದೀಪ ಹತ್ತುತ್ತಿತ್ತು. ಬ್ಯಾಟರಿ ಹೋಗಿದೆ ಅಂತ ಸಾಲ ಮಾಡಿ ಹೊಸದು ಹಾಕಿಸಿದರು. ಆದರೂ ದೀಪ ಆರಲಿಲ್ಲ. "ಹೊಸ ಬ್ಯಾಟರಿ ಅಲ್ವಾ, ಏನೂ ಆಗಲ್ಲ ಬಿಡು" ಅಂದರು. ಮೂರನೇ ದಿನ ರಾತ್ರಿ ಅಜ್ಜಿಗೆ ಉಬ್ಬಸ ಜಾಸ್ತಿಯಾಗಿ ಆಸ್ಪತ್ರೆಗೆ ಹೊರಟೆವು. ಅರ್ಧ ದಾರಿಯಲ್ಲಿ ಹೆಡ್‌ಲೈಟು ಮಂಕಾಯಿತು, ಆಮೇಲೆ ಎಂಜಿನ್ನೂ ನಿಂತಿತು. ಹಾಲಿನ ವ್ಯಾನಿನವರು ಸಿಕ್ಕಿದ್ದರಿಂದ ಅಜ್ಜಿ ಉಳಿದರು.

ಮರುದಿನ ಮೆಕ್ಯಾನಿಕ್ ಬಂದಾಗ ನಾನು ಪಕ್ಕದಲ್ಲೇ ನಿಂತು ನೋಡಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಎಂಜಿನ್ ಓಡುವಾಗ ಕಾರಿಗೆ ಕರೆಂಟ್ ಕೊಡುವುದು ಬ್ಯಾಟರಿ ಅಲ್ಲ, ಆಲ್ಟರ್ನೇಟರ್. (ನಮ್ಮ ಕಡೆ ಇದನ್ನೂ ಡೈನಮೋ ಅಂತಲೇ ಕರೆಯುತ್ತಾರೆ.) ಎಂಜಿನ್ ಒಂದು ಬೆಲ್ಟಿನಿಂದ ಅದನ್ನು ತಿರುಗಿಸುತ್ತದೆ. ಹಳೇ ಕಾರುಗಳಲ್ಲಿ ಆ ದೀಪದ ಒಂದು ತುದಿ ಬ್ಯಾಟರಿ ಕಡೆಗೆ, ಇನ್ನೊಂದು ಆಲ್ಟರ್ನೇಟರ್ ಕಡೆಗೆ ಇರುತ್ತದೆ. ಚಾವಿ ತಿರುಗಿಸಿದಾಗ ಬ್ಯಾಟರಿ ಕಡೆ ಮಾತ್ರ ವೋಲ್ಟ್ ಇರುವುದರಿಂದ ದೀಪ ಹತ್ತುತ್ತದೆ. ಎಂಜಿನ್ ಶುರುವಾದರೆ ಎರಡೂ ಕಡೆ ಸಮವಾಗಿ ಆರುತ್ತದೆ. ವಿಜ್ಞಾನ ಪಾಠದ ವಿಭವಾಂತರ ಅಂದರೆ ಇದೇ! ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ, ಅರ್ಥವಾಗಿದ್ದು ಈಗ.

ಓಡುವಾಗ ಅದು ಹತ್ತಿದರೆ "ಚಾರ್ಜ್ ಬರುತ್ತಿಲ್ಲ" ಎಂದರ್ಥ. ಎಂಜಿನ್ ನಿಲ್ಲಿಸಿಯೇ ಬೆಲ್ಟ್ ಮುಟ್ಟಿ ನೋಡಬೇಕು. ಹರಿದಿದ್ದರೆ ಮುಂದೆ ಹೋಗಬಾರದು, ಏಕೆಂದರೆ ಎಷ್ಟೋ ಕಾರುಗಳಲ್ಲಿ ನೀರಿನ ಪಂಪೂ ಅದೇ ಬೆಲ್ಟಿನಿಂದ ತಿರುಗುತ್ತದೆ. ಆಮೇಲೆ ಬ್ಯಾಟರಿಗೆ ಮೀಟರ್ ಹಿಡಿಯಬೇಕು. ಎಂಜಿನ್ ನಿಂತಿದ್ದಾಗ ಒಳ್ಳೇ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ, ಓಡುವಾಗ 13.8ರಿಂದ 14.4 ಬರಬೇಕು. ಚಿಕ್ಕಪ್ಪನ ಕಾರನ್ನು ಬೇರೆ ಬ್ಯಾಟರಿಯ ಸಹಾಯದಿಂದ ಸ್ಟಾರ್ಟ್ ಮಾಡಿದರೂ 12 ದಾಟಲಿಲ್ಲ. ಬೋಲ್ಟ್ ಸಡಿಲವಾಗಿ ಬೆಲ್ಟ್ ಜಾರುತ್ತಿತ್ತು. ಸ್ಟಾರ್ಟ್ ಮಾಡಿದಾಗೆಲ್ಲ ಕೀಚ್ ಅನ್ನುತ್ತಿದ್ದದ್ದು ಅದೇ! ಬಿಗಿ ಮಾಡಿದ ಮೇಲೆ 14.1 ಬಂತು, ದೀಪ ಆರಿತು. ಸ್ಪ್ಯಾನರ್ ಒಂದೇ ಸಾಕಾಗಿತ್ತು. ಚಿಕ್ಕಪ್ಪ ಮಾತೇ ಆಡಲಿಲ್ಲ.

ಚಾವಿ ತಿರುಗಿಸಿದಾಗ ಆ ದೀಪ ಹತ್ತದೇ ಇದ್ದರೂ ಅನುಮಾನ ಪಡಬೇಕು. ಬಲ್ಬ್ ಹೋಗಿರಬಹುದು, ಇಲ್ಲವೇ ಆಲ್ಟರ್ನೇಟರಿನ ಕಾರ್ಬನ್ ಬ್ರಷ್ ಸವೆದಿರಬಹುದು.

ಎಣ್ಣೆ ಕ್ಯಾನಿನ ಕೆಂಪು ದೀಪ ಹತ್ತಿದರೆ ಮಾತ್ರ ಮನೆ ಹತ್ತಿರ ಇದೆ ಅಂತಲೂ ಓಡಿಸಬಾರದು, ಅಲ್ಲೇ ಎಂಜಿನ್ ಆರಿಸಬೇಕು. ಹಳದಿ ದೀಪಗಳಿಗೆ ಇಷ್ಟು ಅವಸರವಿಲ್ಲ, ಆದರೆ ಬೇಗ ತೋರಿಸಬೇಕು.

ಇನ್ನು ಫ್ಯೂಸ್. ಅದು ಹೋದರೆ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತುವವರನ್ನು ನಾನೇ ನೋಡಿದ್ದೇನೆ. ಆಗ ಫ್ಯೂಸಿನ ಬದಲು ವೈರೇ ಸುಡುತ್ತದೆ. ಚಪ್ಪಟೆ ಫ್ಯೂಸುಗಳಲ್ಲಿ ಕೆಂಪು 10 ಆಂಪಿಯರ್, ನೀಲಿ 15, ಹಳದಿ 20. ಯಾವ ಬಣ್ಣದ್ದು ಹೋಗಿದೆಯೋ ಅದೇ ಬಣ್ಣದ್ದು ಹಾಕಬೇಕು.

– 10ನೇ ತರಗತಿ ವಿದ್ಯಾರ್ಥಿ