ಊರಿನ ಮನೆಯ ಮುಂದೆ ಹುಲ್ಲುಹಾಸು ಬೇಕೇ?



ಬೇಸಿಗೆಯ ರಜೆ ಮುಗಿದು ಶಾಲೆ ತೆರೆದ ವಾರದಲ್ಲಿ ಏಳನೆಯ ತರಗತಿಯ ಬಾಲಕನೊಬ್ಬನು ನಮ್ಮನ್ನು ಒಂದು ಪ್ರಶ್ನೆ ಕೇಳಿದನು. ಅವನ ತಂದೆಯವರು ಮುಂಬಯಿಯಲ್ಲಿ ದುಡಿದ ಹಣದಿಂದ ಉಡುಪಿಯ ಕಡೆಯ ತಮ್ಮ ಹಳ್ಳಿಯಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದರು. ನಗರದ ಉದ್ಯಾನಗಳಲ್ಲಿರುವಂತೆ ಮನೆಯ ಮುಂದೆ ಸಮನಾಗಿ ಕತ್ತರಿಸಿದ ಹುಲ್ಲುಹಾಸು ಇರಬೇಕೆಂಬುದು ತಂದೆಯ ಆಸೆ. ಅಂಗಳವು ಅಂಗಳವಾಗಿಯೇ ಇರಲೆಂಬುದು ಅಜ್ಜಿಯ ಹಟ. "ಯಾರ ಮಾತು ಸರಿ, ಸರ್?" ಎಂದು ಅವನು ಕೇಳುವಷ್ಟರಲ್ಲಿ ಗಂಟೆ ಬಾರಿಸಿತು. ನಿಮ್ಮಲ್ಲಿ ಬಹುಮಂದಿಗೆ ಊರಿನಲ್ಲಿ ಇಂಥದೊಂದು ಮನೆಯುಂಟು. ಆದುದರಿಂದ ಅಂದು ಹೇಳಲಾಗದ ಉತ್ತರವನ್ನು ಎಲ್ಲರಿಗಾಗಿ ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಹುಲ್ಲುಹಾಸು ಎಲ್ಲಿಂದ ಬಂದಿತೆಂಬುದನ್ನು ತಿಳಿಯೋಣ. ಇದು ಇಂಗ್ಲೆಂಡಿನಲ್ಲಿ ಬೆಳೆದು ಬಂದ ಪದ್ಧತಿ. ಅಲ್ಲಿಯ ಸಿರಿವಂತರು ತಮ್ಮ ದೊಡ್ಡ ಮನೆಗಳ ಮುಂದಿನ ಹುಲ್ಲನ್ನು ಕುರಿಗಳಿಂದ ಮೇಯಿಸಿ, ಇಲ್ಲವೆ ಉದ್ದ ಹಿಡಿಯ ಕುಡುಗೋಲಿನ ಆಳುಗಳಿಂದ ಕತ್ತರಿಸಿ ಗಿಡ್ಡವಾಗಿ ಇಡಿಸುತ್ತಿದ್ದರು. 1830ರಲ್ಲಿ ಸ್ಟ್ರೌಡ್ ಎಂಬ ಊರಿನ ಎಡ್ವಿನ್ ಬಡ್ಡಿಂಗ್ ಎಂಬವನು ಹುಲ್ಲು ಕತ್ತರಿಸುವ ಯಂತ್ರವನ್ನು ಕಂಡುಹಿಡಿದನು. ಆ ಪ್ರದೇಶದಲ್ಲಿ ಉಣ್ಣೆಬಟ್ಟೆಯ ಗಿರಣಿಗಳಿದ್ದವು. ಬಟ್ಟೆಯ ಮೇಲೆ ಎದ್ದ ನವಿರನ್ನು ಕತ್ತರಿಸಿ ನಯಗೊಳಿಸುವ ಯಂತ್ರವನ್ನು ನೋಡಿ, ಅದೇ ಉಪಾಯವನ್ನು ಅವನು ಹುಲ್ಲಿಗೆ ಅಳವಡಿಸಿದನು. ಸಿರಿವಂತರ ಹುಲ್ಲುಹಾಸು ಮುಂದೆ ಮಧ್ಯಮ ವರ್ಗದವರ ಮನೆಗೂ ಬರುವಂತಾಯಿತು.

ಆದರೆ ಯಂತ್ರಕ್ಕಿಂತ ಮುಖ್ಯವಾದುದು ಅಲ್ಲಿಯ ಹವೆ. ಲಂಡನ್ ನಗರದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರು ಮಾತ್ರ. ಆದರೂ ಅದು ಹನ್ನೆರಡು ತಿಂಗಳಿಗೂ ಹಂಚಿಹೋಗಿದೆ, ಬಿಸಿಲೂ ಮೆದು. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3500ರಿಂದ 4000 ಮಿಲಿಮೀಟರು ಮಳೆಯಾಗುತ್ತದೆ. ಅದರ ಐದರಲ್ಲಿ ನಾಲ್ಕು ಪಾಲಿಗಿಂತಲೂ ಹೆಚ್ಚು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿದುಹೋಗುತ್ತದೆ. ಮುರಕಲ್ಲಿನ ನೆಲದಲ್ಲಿ ಇಂಗಿದ ನೀರು ಬೇಗನೆ ತೋಡು ಹೊಳೆಗಳಿಗೆ ಇಳಿದು ಸಮುದ್ರ ಸೇರುತ್ತದೆ. ಹೀಗಾಗಿ ಆಷಾಢದಲ್ಲಿ ಮನೆಯ ಸುತ್ತ ನೀರು ನಿಲ್ಲುವ ಊರಿನಲ್ಲಿಯೇ ಏಪ್ರಿಲ್ ತಿಂಗಳಿಗೆ ಬಾವಿಯ ತಳ ಕಾಣುತ್ತದೆ. 2019ರ ಮೇ ತಿಂಗಳಿನಲ್ಲಿ ನೇತ್ರಾವತಿಯೇ ಬತ್ತಿ, ಧರ್ಮಸ್ಥಳದ ಯಾತ್ರೆಯನ್ನು ಮುಂದೂಡಬೇಕೆಂದು ಅಲ್ಲಿಯ ಧರ್ಮಾಧಿಕಾರಿಗಳು ಭಕ್ತರನ್ನು ಕೇಳಿಕೊಂಡರು.

ಈಗ ಒಂದು ಲೆಕ್ಕ ಮಾಡೋಣ. 20 ಅಡಿ ಅಗಲ, 30 ಅಡಿ ಉದ್ದದ ಹುಲ್ಲುಹಾಸಿನ ವಿಸ್ತಾರ ಸುಮಾರು 56 ಚದರ ಮೀಟರು. ಬೇಸಿಗೆಯಲ್ಲಿ ಅದು ಹಸಿರಾಗಿರಲು ದಿನಕ್ಕೆ ಸುಮಾರು 5 ಮಿಲಿಮೀಟರು ನೀರು ಬೇಕೆಂದು ಇಟ್ಟುಕೊಳ್ಳಿರಿ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ನೀರು ನಿಂತರೆ ಅದು ಸರಿಯಾಗಿ ಒಂದು ಲೀಟರು. ಹಾಗಾದರೆ ದಿನಕ್ಕೆ 280 ಲೀಟರು. ಅಂದರೆ 14 ಲೀಟರಿನ ಕೊಡದಲ್ಲಿ 20 ಕೊಡ. ಜನವರಿಯ ಮೊದಲ ದಿನದಿಂದ ಮೇ ಕೊನೆಯವರೆಗೆ 151 ದಿನಗಳು. ಒಟ್ಟು 42,280 ಲೀಟರು! ಈ ನೀರಿನಿಂದ ಒಂದು ಹಿಡಿ ಅಕ್ಕಿಯಾಗಲಿ ಒಂದು ಸೌತೆಕಾಯಿಯಾಗಲಿ ಹುಟ್ಟುವುದಿಲ್ಲ.

ಈ ಲೆಕ್ಕವನ್ನು ನಾವು ಪುಸ್ತಕದಿಂದ ಕಲಿತವರಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಊರಿನ ಮನೆಯನ್ನು ದುರಸ್ತಿ ಮಾಡಿಸಿದಾಗ ನಾವು ಅಣ್ಣತಮ್ಮಂದಿರು ಕೂಡಿ ಅಂಗಳದಲ್ಲಿ ಇಷ್ಟೇ ಅಳತೆಯ ಹುಲ್ಲುಹಾಸನ್ನು ಹಾಕಿಸಿದೆವು. "ಭತ್ತ ಎಲ್ಲಿ ಒಣಗಿಸುವುದು?" ಎಂದು ತಾಯಿಯವರು ಒಮ್ಮೆ ಕೇಳಿ ಸುಮ್ಮನಾದರು. ಮಳೆಗಾಲದಲ್ಲಿ ಅದು ಕಣ್ಣಿಗೆ ಹಬ್ಬವಾಗಿತ್ತು. ಜನವರಿಯಿಂದ ಪಂಪು ಹಾಕಿ ನೀರು ಬಿಡಬೇಕಾಯಿತು. ಏಪ್ರಿಲಿನಲ್ಲಿ ನಾವು ರಜೆಗೆ ಹೋದಾಗ ನೆರೆಮನೆಯ ವೃದ್ಧೆಯೊಬ್ಬರು ಕೊಡ ಹಿಡಿದು ನಮ್ಮ ಬಾವಿಯ ಕಟ್ಟೆಯ ಬಳಿ ನಿಂತಿದ್ದರು. ಅವರ ಬಾವಿ ಬತ್ತಿತ್ತು. ನಮ್ಮ ಬಾವಿಯಲ್ಲಿ ಉಳಿದಿದ್ದ ನೀರು ಬೆಳಗಿನ ಹೊತ್ತೇ ಹುಲ್ಲಿನ ಪಾಲಾಗಿತ್ತು. ಒಸರು ಬರುವವರೆಗೆ ಅವರು ಕಾಯಬೇಕಾಗಿತ್ತು. ನಾವು ತಲೆ ತಗ್ಗಿಸಿದೆವು. ಅಂದು ಸಂಜೆ ತಾಯಿಯವರು ಪಂಪಿನ ಕೊಳವೆಯನ್ನು ಸುತ್ತಿ ಒಳಗಿಟ್ಟು, "ಮಗಾ, ಹುಲ್ಲು ಮಳೆಯವರೆಗೆ ಕಾದೀತು, ಅವರು ಕಾಯುವುದು ಹೇಗೆ?" ಎಂದರು. ಹುಲ್ಲುಹಾಸು ಹದಿನೈದು ದಿನಗಳಲ್ಲಿ ಕಂದಿಹೋಯಿತು. ಜೂನ್ ಮಳೆಗೆ ಅದೇ ಜಾಗದಲ್ಲಿ ಯಾರೂ ನೆಡದ ಗರಿಕೆ ತಾನಾಗಿ ಚಿಗುರಿತು.

ಈ ಗರಿಕೆಯ ವಿಷಯದಲ್ಲಿ ಒಂದು ಪಾಠವುಂಟು. ಹುಲ್ಲನ್ನು ಎಷ್ಟು ಸಲ ಕತ್ತರಿಸಿದರೂ ಅದು ಸಾಯುವುದಿಲ್ಲವೇಕೆ? ಹುಲ್ಲಿನ ಎಲೆ ಬೆಳೆಯುವುದು ತುದಿಯಿಂದಲ್ಲ, ಬುಡದಿಂದ. ಗರಿಕೆಯಂತೂ ನೆಲದ ಮೇಲೆಯೂ ಒಳಗೂ ಬಳ್ಳಿಯಂತೆ ಹರಿದು ಗಿಣ್ಣುಗಿಣ್ಣಿನಲ್ಲಿ ಬೇರು ಬಿಡುತ್ತದೆ. ಆದರೆ ತುಂಬೆ, ತಗಟೆ, ನೆಲನೆಲ್ಲಿ ಮೊದಲಾದ ಗಿಡಗಳು ಮೇಲಿನ ಕುಡಿಯಿಂದ ಬೆಳೆಯುವಂಥವು. ಮತ್ತೆಮತ್ತೆ ಕುಡಿ ಕತ್ತರಿಸಿದರೆ ಅವು ಹೂ ಬಿಡಲಾರವು, ಬೀಜ ಉದುರಿಸಲಾರವು. ಯಂತ್ರವು ವಾರಕ್ಕೊಮ್ಮೆ ಓಡಾಡಿದಲ್ಲಿ ಹುಲ್ಲೊಂದೇ ಉಳಿಯುವುದು ಇದರಿಂದಲೇ. ಆಟಿಯ ತಿಂಗಳಲ್ಲಿ ಪಲ್ಯವಾಗುವ ತಗಟೆ, ಶಿವನಿಗೆ ಏರುವ ತುಂಬೆ ಎರಡೂ ಹೋಗುತ್ತವೆ. ಹುಲ್ಲಿಗೂ ತೆನೆಯೊಡೆಯಲು ಅವಕಾಶವಿಲ್ಲವಾಗಿ, ಅದರ ಬೀಜವನ್ನು ತಿಂದು ಬದುಕುವ ಮುನಿಯ ಹಕ್ಕಿಗಳು ಬರುವುದಿಲ್ಲ.

ಹಾಗಾದರೆ ಹುಲ್ಲನ್ನು ಮನ ಬಂದಂತೆ ಬೆಳೆಯಬಿಡಬೇಕೇ? ಅದೂ ತಪ್ಪು. ಮನೆಯ ಬಾಗಿಲಿನವರೆಗೆ ಮೊಣಕಾಲೆತ್ತರದ ಹುಲ್ಲಿದ್ದರೆ ಅದರೊಳಗೆ ಕೊಳಕುಮಂಡಲವೋ ನಾಗರಹಾವೋ ಮಲಗಿದ್ದರೆ ಕಾಣುವುದಿಲ್ಲ. ರಾತ್ರಿ ಬರಿಗಾಲಿನಲ್ಲಿ ಹೊರಗೆ ಹೋಗುವವರಿಗೆ ಇದು ಪ್ರಾಣದ ಪ್ರಶ್ನೆ. ಒಣಗಿದ ಹುಲ್ಲಿಗೆ ಬೇಸಿಗೆಯಲ್ಲಿ ಬೆಂಕಿ ತಗಲುವ ಭಯವೂ ಇದೆ. ತಂದೆಯವರು ಸ್ವಚ್ಛವಾದ ಮುಂಭಾಗವನ್ನು ಬಯಸುವುದರಲ್ಲಿ ನ್ಯಾಯವಿಲ್ಲವೆಂದು ನಾವು ಹೇಳಲಾರೆವು. ನಗರದಲ್ಲಿ ಹತ್ತಡಿ ಚೌಕದ ಕೋಣೆಯಲ್ಲಿ ಹತ್ತಾರು ವರ್ಷ ಕಳೆದವರಿಗೆ ಹಸಿರಿನ ಮೇಲೆ ಕಾಲು ಚಾಚಿ ಕುಳಿತುಕೊಳ್ಳುವ ಆಸೆ ಸಹಜವೇ.

ಆದರೆ ನಮ್ಮ ಹಿರಿಯರು ಈ ಪ್ರಶ್ನೆಯನ್ನು ಬಹು ಹಿಂದೆಯೇ ಬಿಡಿಸಿದ್ದರು. ಮಳೆಗಾಲದಲ್ಲಿ ಅಂಗಳದಲ್ಲಿ ಹುಲ್ಲು ಬೆಳೆದರೆ ಕಾಲುದಾರಿಯನ್ನಷ್ಟೇ ಸವರಿ, ಉಳಿದುದನ್ನು ಆಗಾಗ ಕುಡುಗೋಲಿನಿಂದ ಕೊಯ್ದು ದನಕ್ಕೆ ಹಾಕುತ್ತಿದ್ದರು. ಬಿರುಮಳೆಗೆ ಮಣ್ಣು ಕೊಚ್ಚಿಹೋಗದಂತೆ ಆ ಹುಲ್ಲಿನ ಬೇರೇ ಹಿಡಿದುಕೊಳ್ಳುತ್ತಿತ್ತು. ಮಳೆ ನಿಂತು ಕೊಯ್ಲು ಸಮೀಪಿಸಿದೊಡನೆ ಅಂಗಳವನ್ನು ಕೆತ್ತಿ, ಸಮಮಾಡಿ, ಬಡಿದು, ಸೆಗಣಿಯಿಂದ ಸಾರಿಸುತ್ತಿದ್ದರು. ಮುಂದಿನ ಮಳೆಯವರೆಗೆ ಅದು ಕಣವಾಗುತ್ತಿತ್ತು, ಕುಚ್ಚಲು ಭತ್ತ, ಅಡಿಕೆ, ಹಲಸಿನ ಹಪ್ಪಳ ಒಣಗುವ ಜಾಗವಾಗುತ್ತಿತ್ತು, ಮದುವೆಯ ಚಪ್ಪರವಾಗುತ್ತಿತ್ತು, ಬಯಲಾಟದ ರಂಗಸ್ಥಳವೂ ಆಗುತ್ತಿತ್ತು. ಹುಲ್ಲು ಬೇಕಾದಾಗ ಹುಲ್ಲು, ನೆಲ ಬೇಕಾದಾಗ ನೆಲ. ನೀರಿನ ಖರ್ಚು ಮಾತ್ರ ಇಲ್ಲ.

ಇಂದು ಅನೇಕ ಮನೆಗಳಲ್ಲಿ ದನವೂ ಇಲ್ಲ, ಭತ್ತವೂ ಇಲ್ಲ ಎಂಬುದನ್ನು ನಾವು ಬಲ್ಲೆವು. ವರ್ಷದ ಹತ್ತು ತಿಂಗಳು ಬೀಗ ಬಿದ್ದಿರುವ ಮನೆಗಳೂ ಉಂಟು. ಅಂಥಲ್ಲಿ ಹುಲ್ಲುಹಾಸು ಇನ್ನೂ ಕಷ್ಟ. ಮಳೆಗಾಲದಲ್ಲಿ ವಾರವಾರವೂ ಕತ್ತರಿಸಲು ಒಬ್ಬರು, ಬೇಸಿಗೆಯಲ್ಲಿ ದಿನದಿನವೂ ನೀರುಣಿಸಲು ಒಬ್ಬರು ಬೇಕು. ಇಡೀ ಅಂಗಳಕ್ಕೆ ಸಿಮೆಂಟು ಬಳಿಯುವುದೂ ಮದ್ದಲ್ಲ. ಬಿಸಿಲಿಗೆ ಅದು ಕಾಯುತ್ತದೆ; ಬಿದ್ದ ಮಳೆಯನ್ನು ಇಂಗಗೊಡದೆ ಹೊರಗಟ್ಟುತ್ತದೆ.

ಆದುದರಿಂದ ಬಾಲಕನಿಗೆ ನಮ್ಮ ಉತ್ತರ ಹೀಗಿದೆ. ಮನೆಯ ಸುತ್ತ ಹತ್ತು ಹನ್ನೆರಡು ಅಡಿಗಳಷ್ಟು ಜಾಗವನ್ನು ಗುಡಿಸಿದ ಅಂಗಳವಾಗಿ ಇಡಿರಿ. ಅದರಾಚೆ ಮಳೆಗೆ ತಾನಾಗಿ ಬರುವ ಹುಲ್ಲನ್ನು ಬರಗೊಡಿರಿ. ಮಳೆಗಾಲದಲ್ಲಿ ಎರಡು ಮೂರು ಸಲ ಕೊಯ್ಸಿ ದನ ಸಾಕುವ ನೆರೆಯವರಿಗೆ ಕೊಡಿರಿ, ಇಲ್ಲವೆ ತೆಂಗಿನ ಬುಡಕ್ಕೆ ಹಾಸಿರಿ. ಒಂದು ಮೂಲೆಯನ್ನು ಮಾತ್ರ ತೆನೆಯೊಡೆದು ಬೀಜ ಉದುರುವವರೆಗೆ ಕೊಯ್ಯದೆ ಉಳಿಸಿರಿ. ದೀಪಾವಳಿ ಕಳೆದ ಮೇಲೆ ಅದನ್ನೂ ಸವರಿಸಿರಿ. ಬೇಸಿಗೆಯಲ್ಲಿ ಹುಲ್ಲು ಕಂದಿದರೆ ನಾಚಬೇಡಿರಿ. ಬೇರು ಒಳಗೆ ಬದುಕಿಯೇ ಇದೆ. ತಂದೆಯವರಿಗೆ ಕುಳಿತುಕೊಳ್ಳಲು ಹಸಿರು ಬೇಕಾದರೆ ಒಂದು ಮಾವಿನ ಸಸಿಯನ್ನು ನೆಡಲಿ. ಅದಕ್ಕೆ ಮೊದಲ ಕೆಲವು ಬೇಸಿಗೆಗಳಲ್ಲಿ ಮಾತ್ರ ನೀರು ಹೊತ್ತರೆ ಸಾಕು, ಮುಂದೆ ಅದೇ ನೆರಳನ್ನು ಕೊಡುತ್ತದೆ.

ಹುಲ್ಲುಹಾಸು ಕೆಟ್ಟದೆಂದು ಇದರ ಅರ್ಥವಲ್ಲ. ಸಾವಿರಾರು ಮಕ್ಕಳು ಆಡುವ ಮೈದಾನದಲ್ಲಿ, ಮನೆಯಿಲ್ಲದವನೂ ಬಂದು ಕುಳಿತುಕೊಳ್ಳುವ ನಗರದ ಉದ್ಯಾನದಲ್ಲಿ ಅದಕ್ಕೆ ತಕ್ಕ ಸ್ಥಾನವಿದೆ. ಊರಿನ ಒಂದು ಮನೆಯ ಮುಂದೆ, ನೆರೆಯವರ ಕೊಡ ಬರಿದಾಗಿರುವಾಗ, ಅದಕ್ಕೆ ಸ್ಥಾನವಿಲ್ಲ.

ಅಭ್ಯಾಸ

1. ಮುಂದಿನ ರಜೆಯಲ್ಲಿ ನಿಮ್ಮ ಊರಿನ ಮನೆಯ ಅಂಗಳವನ್ನು ಅಳೆದು, ಅದರ ಮೇಲೆ ವರ್ಷಕ್ಕೆ 3500 ಮಿಲಿಮೀಟರು ಮಳೆ ಬಿದ್ದರೆ ಎಷ್ಟು ಲೀಟರು ನೀರಾಗುತ್ತದೆಂದು ಲೆಕ್ಕ ಹಾಕಿರಿ. ಆ ನೀರು ಎಲ್ಲಿಗೆ ಹೋಗುತ್ತದೆಂದು ಹಿರಿಯರನ್ನು ಕೇಳಿರಿ.

2. ಒಂದು ಚದರ ಅಡಿ ಜಾಗದಲ್ಲಿ ಎಷ್ಟು ಬಗೆಯ ಗಿಡ, ಹುಲ್ಲುಗಳಿವೆ ಎಂದು ಎಣಿಸಿ, ಅವುಗಳ ಹೆಸರನ್ನು ಅಜ್ಜಿಯಿಂದ ತಿಳಿದು ಬರೆದುಕೊಂಡು ಬನ್ನಿರಿ.

3. ನಿಮ್ಮ ಬಾವಿಯಿಂದ ಬೇಸಿಗೆಯಲ್ಲಿ ಯಾರು ಯಾರು ನೀರು ಸೇದುತ್ತಾರೆ? ಒಂದು ದಿನ ಕಟ್ಟೆಯ ಬಳಿ ನಿಂತು ನೋಡಿರಿ. ಸಾಧ್ಯವಾದರೆ ಒಂದು ಕೊಡ ನೀವೇ ಸೇದಿಕೊಡಿರಿ.