ಬ್ಯಾಟರಿಯನ್ನು ದೂರುವ ಮೊದಲು

ಡೈನಮೋ ಇರುವ ನಿಮ್ಮ ಹಳೆಯ ಅಂಬಾಸಿಡರ್‌ಗೆ ಮತ್ತೊಂದು ಬ್ಯಾಟರಿ ಕೊಳ್ಳಬೇಡಿ. ಹೊಸದು ಹಾಕಿದಾಗ ವಾರ ಸರಿಯಿತ್ತಲ್ಲ ಎನ್ನುತ್ತೀರಿ. ಅದು ಅಂಗಡಿಯಿಂದಲೇ ಚಾರ್ಜ್ ಆಗಿ ಬಂದಿತ್ತು, ಅಷ್ಟೇ. ಫ್ಯಾನ್ ಬೆಲ್ಟ್ ಬಿಗಿಯಿದ್ದು, ಅರ್ಥ್ ವೈರ್ ತುಕ್ಕಿಲ್ಲದಿದ್ದರೆ ಬ್ಯಾಟರಿಯ ವೋಲ್ಟ್ ಅಳೆಯಿರಿ: ಎಂಜಿನ್ ನಿಂತಾಗ 12.6ರ ಆಸುಪಾಸು, ವೇಗ ಏರಿಸಿದಾಗ 14ರ ಹತ್ತಿರ ಇರಬೇಕು. ಐಡಲಿಂಗ್‌ನಲ್ಲಿ ಕೆಂಪು ದೀಪ ಮಿನುಗಿದರೆ ಗಾಬರಿ ಬೇಡ, ಡೈನಮೋದ ಸ್ವಭಾವವೇ ಅದು. ವೇಗದಲ್ಲೂ ವೋಲ್ಟ್ ಏರದಿದ್ದರೆ ಎಂಜಿನ್ ನಿಲ್ಲಿಸಿ, ಡೈನಮೋದ ಎರಡೂ ವೈರ್ ಕಳಚಿ, ಆ ಟರ್ಮಿನಲ್‌ಗಳನ್ನು ಒಂದಕ್ಕೊಂದು ಜೋಡಿಸಿ. ಅಲ್ಲಿಂದ ಅರ್ಥ್‌ಗೆ ಮೀಟರ್ ಹಿಡಿದು, ಎಂಜಿನ್ ಚಾಲೂ ಮಾಡಿ ನಿಧಾನವಾಗಿ ವೇಗ ಹೆಚ್ಚಿಸಿ. ವೋಲ್ಟ್ ಸರಾಗವಾಗಿ ಏರಿದರೆ, 20 ದಾಟಿಸದೆ ನಿಲ್ಲಿಸಿ. ಡೈನಮೋ ನಿರ್ದೋಷಿ, ಕಟ್‌ಔಟ್ ಅಥವಾ ವೈರಿಂಗ್ ಹುಡುಕಿಸಿ. ಏರದಿದ್ದರೆ ಕಾರ್ಬನ್ ಬ್ರಷ್ ನೋಡಿಸಿ. ಆಲ್ಟರ್ನೇಟರ್ ಹಾಕಿಸಿದರೆ ಗೋಳು ತಪ್ಪೀತು ಎನ್ನುವವರಿದ್ದಾರೆ; ಅರ್ಥ್ ಕೆಟ್ಟಿದ್ದರೆ ಅದೂ ಸೋಲುತ್ತದೆ. ಮೀಟರ್ ಹಿಡಿಯದೆ ಬಿಡಿಭಾಗ ಬದಲಿಸುವವರ ಕೈಗೆ ದಯವಿಟ್ಟು ಗಾಡಿ ಕೊಡಬೇಡಿ.