ಸವಾರನ ಅಳತೆಗೆ ಒದಗುವ ಸೈಕಲ್ಲು

ಎತ್ತಿನ ಬಂಡಿಗೆ ನೊಗ ಮಾಡಿಕೊಡುವ ಬಡಿಗನು ಮರವನ್ನು ಆರಿಸುವ ಮುನ್ನ ಎತ್ತುಗಳನ್ನು ನೋಡುತ್ತಾನೆ. ಜೋಡಿಯ ಎತ್ತರವೆಷ್ಟು, ಹೆಗಲು ಎಂತಹುದು, ಒಂದಕ್ಕಿಂತ ಇನ್ನೊಂದು ಗಿಡ್ಡವೇ ಎಂಬುದನ್ನು ಅರಿಯದೆ ಅವನು ಬಾಚಿಯನ್ನು ಕೈಗೆತ್ತಿಕೊಳ್ಳಲಾರ. ತನ್ನ ಎತ್ತಿಗೆ ಸಲ್ಲಿಸಿದ ಈ ಗೌರವವನ್ನು ಮನುಷ್ಯನು ಸೈಕಲ್ಲನ್ನು ಏರುವಾಗ ತನಗಾಗಿ ಕೇಳಲಿಲ್ಲವೆಂಬುದು ಆಶ್ಚರ್ಯಕರ ಸಂಗತಿಯಾಗಿದೆ. ಅಂಗಡಿಯಲ್ಲಿ ದೊರೆತುದನ್ನು ಕೊಂಡು, ತನ್ನ ಮೈಯನ್ನೇ ಅದಕ್ಕೆ ಒಗ್ಗಿಸಿಕೊಂಡನು. ಚಂದಾಪುರ, ಚಿಂಚೋಳಿ, ಸೇಡಂ, ಚಿತ್ತಾಪುರಗಳ ಸುತ್ತಲಿನ ಹಳ್ಳಿಗಳಲ್ಲಿ ತಂದೆಯ ಎತ್ತರದ ಸೈಕಲ್ಲಿನ ಮೇಲ್ದಂಡದ ಕೆಳಗಿನಿಂದ ಒಂದು ಕಾಲನ್ನು ತೂರಿಸಿ, ಮೈಯನ್ನು ಒಂದು ಪಕ್ಕಕ್ಕೆ ಬಾಗಿಸಿ, ಅರ್ಧ ಸುತ್ತು ತುಳಿಯುತ್ತ ಸೈಕಲ್ಲು ಕಲಿತ ಹುಡುಗರು ಎಷ್ಟೋ ಮಂದಿ. ಇದನ್ನು ಬಾಲ್ಯದ ಸಾಹಸವೆಂದು ನೆನೆದು ನಗುವುದುಂಟು. ವಾಸ್ತವವಾಗಿ ಅದು ಅಳತೆಯ ತೊಂದರೆ.

ಆ ಎತ್ತರದ ಸೈಕಲ್ಲಿನ ಮೂಲಪುರುಷ ಇಂಗ್ಲೆಂಡಿನವನು. 1885ರಲ್ಲಿ ಕವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿಯು ಹೆಚ್ಚುಕಡಿಮೆ ಸಮಾನ ಗಾತ್ರದ ಗಾಲಿಗಳೂ ಹಿಂದಿನ ಗಾಲಿಗೆ ಸರಪಳಿಯೂ ಇರುವ ‘ರೋವರ್’ ಸೈಕಲ್ಲನ್ನು ಹೊರತಂದನು. ಅದರ ಚೌಕಟ್ಟು ಕೆಲವೇ ವರ್ಷಗಳಲ್ಲಿ ಇಂದು ಎಲ್ಲರೂ ಬಲ್ಲ ವಜ್ರಾಕೃತಿಗೆ ಬಂದು ನೆಲೆನಿಂತಿತು. ಸ್ವಾತಂತ್ರ್ಯಾನಂತರ ಮದ್ರಾಸಿನ ಟಿ.ಐ. ಸೈಕಲ್ಸ್ (1949), ಸೋನೀಪತದ ಅಟ್ಲಾಸ್ (1951), ಲೂಧಿಯಾನದ ಹೀರೋ (1956) ಸಂಸ್ಥೆಗಳು ಇದೇ ಮಾದರಿಯನ್ನು ನಾಡಿನ ಮೂಲೆಮೂಲೆಗೂ ಮುಟ್ಟಿಸಿದವು. 1986ರಲ್ಲಿ ಹೀರೋ ಸಂಸ್ಥೆಯು ಜಗತ್ತಿನಲ್ಲೇ ಅತ್ಯಧಿಕ ಸೈಕಲ್ಲುಗಳನ್ನು ತಯಾರಿಸುವುದೆಂದು ಗಿನ್ನೆಸ್ ದಾಖಲೆಗೆ ಸೇರಿತು. ಈ ಕಾರ್ಖಾನೆಗಳ ಉಪಕಾರವನ್ನು ಕಡೆಗಣಿಸುವುದು ಕೃತಘ್ನತೆಯಾದೀತು. ಬಡವನಿಗೆ ನಿಲುಕುವ ಬೆಲೆಯಲ್ಲಿ, ಯಾವ ಊರಿನಲ್ಲಾದರೂ ದುರಸ್ತಿಯಾಗಬಲ್ಲ ವಾಹನವನ್ನು ಕೊಟ್ಟವರು ಅವರೇ. ಆದರೆ ಸಾವಿರಾರು ಚೌಕಟ್ಟುಗಳನ್ನು ಒಂದೇ ಅಚ್ಚಿನಲ್ಲಿ ಜೋಡಿಸುವವನು ಪ್ರತಿಯೊಬ್ಬ ಸವಾರನ ಕಾಲುಗಳನ್ನು ಅಳೆಯಲಾರ. 28 ಅಂಗುಲದ ಗಾಲಿ, 22 ಅಥವಾ 24 ಅಂಗುಲದ ಚೌಕಟ್ಟು, ಇವೇ ಬಹುಕಾಲ ರೂಢಿಯಲ್ಲಿದ್ದವು.

ಇದರ ಪರಿಣಾಮವನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ವಿದ್ಯಾರ್ಥಿಯನ್ನು ಬರಿಗಾಲಿನಲ್ಲಿ ಗೋಡೆಗೆ ಬೆನ್ನು ಹಚ್ಚಿ ನಿಲ್ಲಿಸಿ, ಕಾಲುಗಳ ನಡುವೆ ಒಂದು ಪುಸ್ತಕವನ್ನು ಆದಷ್ಟು ಮೇಲಕ್ಕೆ ಹಿಡಿಸಿ, ನೆಲದಿಂದ ಪುಸ್ತಕದ ಮೇಲಂಚಿನವರೆಗೆ ಅಳೆಯಬೇಕು. ಆ ಅಂಕೆಯನ್ನು 0.883ರಿಂದ ಗುಣಿಸಿದರೆ ಪೆಡಲುಗಳು ತಿರುಗುವ ಅಚ್ಚಿನಿಂದ ಸೀಟಿನ ಮೇಲ್ಭಾಗದವರೆಗೆ ಇರಬೇಕಾದ ದೂರ ಸುಮಾರಾಗಿ ಸಿಗುತ್ತದೆ. ಪಂದ್ಯದ ಸವಾರರಲ್ಲಿ ಪ್ರಸಿದ್ಧವಾದ ಸೂತ್ರವಿದು. ಹುಡುಗನ ಅಳತೆ 68 ಸೆಂಟಿಮೀಟರ್ ಎಂದುಕೊಂಡರೆ ಉತ್ತರ ಸುಮಾರು 60 ಸೆಂಟಿಮೀಟರ್. ಇತ್ತ 24 ಅಂಗುಲದ ಚೌಕಟ್ಟಿನಲ್ಲಿ ಅಚ್ಚಿನಿಂದ ಸೀಟಿನ ಕೊಳವೆಯ ತುದಿಯವರೆಗೇ 61 ಸೆಂಟಿಮೀಟರ್ ಆಗಿಬಿಡುತ್ತದೆ. ಸೀಟನ್ನು ಇನ್ನೂ ಕೂರಿಸಿಯೇ ಇಲ್ಲ! ಸೀಟನ್ನು ಎಷ್ಟು ತಗ್ಗಿಸಿದರೂ ಆ ಹುಡುಗನ ಕಾಲು ನೆಮ್ಮದಿಯಾಗಿ ಪೆಡಲಿಗೆ ಎಟುಕಲಾರದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಸೀಟಿನಿಂದ ಹ್ಯಾಂಡಲ್ಲಿಗೆ ಇರುವ ದೂರವಂತೂ ಮೇಲ್ದಂಡದ ಉದ್ದದಿಂದಲೇ ನಿಶ್ಚಿತವಾಗುವುದರಿಂದ, ಬೆನ್ನು, ತೋಳುಗಳ ಶ್ರಮವನ್ನು ಪಾನಾ ಹಿಡಿದು ತಿರುಗಿಸಿ ಕಳೆಯಲಾಗದು.

ಕೈಯಿಂದ ಚೌಕಟ್ಟು ಕಟ್ಟುವ ಕುಶಲಕರ್ಮಿಯ ಕೆಲಸ ಇಲ್ಲಿಂದಲೇ ಆರಂಭವಾಗುತ್ತದೆ. ಕಾಲು, ಮುಂಡ, ತೋಳುಗಳ ಅಳತೆಯ ಜೊತೆಗೆ ಸವಾರನು ಎಂತಹ ದಾರಿಯಲ್ಲಿ ಹೋಗುವವನು, ಎಷ್ಟು ಭಾರ ಹೊರುವವನು ಎಂದು ಅವನು ವಿಚಾರಿಸುತ್ತಾನೆ. ಅನಂತರ ಪೂರ್ಣ ಗಾತ್ರದ ನಕ್ಷೆ. ಅವನು ಬಳಸುವ ಉಕ್ಕಿನ ಕೊಳವೆಯಲ್ಲಿಯೂ ಒಂದು ಸೂಕ್ಷ್ಮವಿದೆ. ಬರ್ಮಿಂಗ್‌ಹ್ಯಾಮಿನಲ್ಲಿ ಮೊಳೆ ತಯಾರಿಸುತ್ತಿದ್ದ ರೆನಾಲ್ಡ್ಸ್ ಮನೆತನದವರು, ಹೊರಗಿನ ಸುತ್ತಳತೆ ಒಂದೇ ಇದ್ದು ಒಳಗೆ ತುದಿಗಳಲ್ಲಿ ಮಾತ್ರ ದಪ್ಪನಾಗಿರುವ ಕೊಳವೆಗೆ 1897ರಲ್ಲಿ ಪೇಟೆಂಟ್ ಪಡೆದರು. ಇಂತಹ ಉತ್ತಮ ಕೊಳವೆಯ ಗೋಡೆ ತುದಿಯಲ್ಲಿ 0.9, ನಡುವೆ 0.6 ಮಿಲಿಮೀಟರ್ ಇರುವುದುಂಟು. ಬೆಸುಗೆಯ ಬೆಂಕಿಯನ್ನೂ ಆಘಾತವನ್ನೂ ತಾಳಬೇಕಾದಲ್ಲಿ ದಪ್ಪ, ಉಳಿದೆಡೆ ಹಗುರ. ಮೊಳೆ ಮಾಡುವವರ ಮನೆಯಲ್ಲಿ ಇಂತಹ ಯೋಚನೆ ಹುಟ್ಟಿದ್ದು ಸೊಗಸಾದ ವಿಷಯವೇ ಸರಿ.

ಕೊಳವೆಗಳು ಕೂಡುವ ಕಡೆ ಉಕ್ಕಿನ ತೋಳಗವಸುಗಳನ್ನು ತೊಡಿಸಿ, ಸಂದಿಯೊಳಗೆ ಹಿತ್ತಾಳೆಯನ್ನು ಕರಗಿಸಿ ಹರಿಯಿಸುತ್ತಾರೆ. ಉಕ್ಕು ಕರಗಲು ಸುಮಾರು 1500 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಹಿತ್ತಾಳೆಗೆ ಸುಮಾರು 900 ಡಿಗ್ರಿ ಸಾಕಾಗುವುದರಿಂದ ತೆಳುವಾದ ಕೊಳವೆ ಕೆಡುವುದಿಲ್ಲ. ಕೆಂಪೇರಿದ ಲೋಹದ ಬಣ್ಣವನ್ನು ನೋಡಿಯೇ ಶಾಖವನ್ನು ಅಂದಾಜು ಮಾಡುವ ಈ ಕಣ್ಣು ಕಮ್ಮಾರನ ಕುಲುಮೆಯ ಕಣ್ಣೇ ಆಗಿದೆ. ಬಳಿಕ ಅರದಿಂದ ಗಂಟೆಗಟ್ಟಲೆ ಉಜ್ಜಿ ಅಂಚುಗಳನ್ನು ತೆಳುಗೊಳಿಸುವುದುಂಟು. ಎಂದಾದರೊಂದು ದಿನ ಕೊಳವೆಯೊಂದು ನಜ್ಜುಗುಜ್ಜಾದರೆ ಬೆಸುಗೆ ಬಿಡಿಸಿ ಅದೊಂದನ್ನೇ ಬದಲಾಯಿಸಬಹುದು.

ಕೆಲವರು ವಜ್ರಾಕೃತಿಯನ್ನೇ ಮುರಿದರು. ಅವರಲ್ಲಿ ಡೆನ್ಮಾರ್ಕಿನಿಂದ ಇಂಗ್ಲೆಂಡಿನ ಡರ್ಸ್ಲಿಗೆ ಬಂದು ನೆಲೆಸಿದ ಮಿಕಾಯೆಲ್ ಪೆಡರ್ಸನ್ ಮುಖ್ಯನು. ಚರ್ಮದ ಸೀಟಿನಿಂದ ಬೇಸತ್ತ ಆತನು ಮೊದಲು ದಾರದಿಂದ ಹೆಣೆದ, ಜೋಲಿಯಂತಹ ಆಸನವನ್ನು ಮಾಡಿಕೊಂಡನು. ಅದನ್ನು ಬಿಗಿಯಲು ರೂಢಿಯ ಚೌಕಟ್ಟಿನಲ್ಲಿ ಎಡೆಯಿಲ್ಲದ್ದರಿಂದ, ಸಣ್ಣ ಕೊಳವೆಗಳ ಹಲವು ತ್ರಿಕೋನಗಳಿರುವ ಹೊಸ ಚೌಕಟ್ಟನ್ನೇ ರಚಿಸಿ 1893ರಲ್ಲಿ ಪೇಟೆಂಟ್ ಪಡೆದನು. ಕೂರುವವನ ಸುಖದಿಂದ ಹೊರಟು ಯಂತ್ರವನ್ನು ತಲುಪಿದ ಈ ಕ್ರಮ ಮೆಚ್ಚತಕ್ಕದ್ದು. 1930ರ ದಶಕದಲ್ಲಿ ಲಂಡನ್ನಿನ ಹೆಚಿನ್ಸ್ ಸಂಸ್ಥೆಯು ಹಿಂಬದಿಯ ಕೊಳವೆಗಳನ್ನು ಬಳ್ಳಿಯಂತೆ ಬಳುಕಿಸಿತು. ಅದರಿಂದ ಕುಲುಕಾಟ ತಗ್ಗುವುದೆಂದು ತಯಾರಕರ ವಾದ. ವಾದ ಎಷ್ಟು ನಿಜವೋ, ದೂರದಿಂದಲೇ ಗುರುತು ಹತ್ತುವ ಆ ಚೆಲುವಿಗೆ ಮನಸೋತವರು ಬಹಳ. ಜಪಾನಿನ ಕೇರಿನ್ ಪಂದ್ಯಗಳಲ್ಲಿಯಾದರೋ ಅಲಂಕಾರಕ್ಕೆ ಎಡೆಯಿಲ್ಲ. ಅಲ್ಲಿನ ಸವಾರರು ಅಂಗೀಕೃತ ಕುಶಲಕರ್ಮಿಗಳಿಂದ ತಮ್ಮ ಮೈಗೆ ಒಪ್ಪುವ ಉಕ್ಕಿನ ಚೌಕಟ್ಟನ್ನು ಮಾಡಿಸಿಕೊಂಡು ಓಡಿಸುತ್ತ ಬಂದಿದ್ದಾರೆ.

ಬಿದಿರಿನ ಚೌಕಟ್ಟು ಹೊಸದೆಂದು ಭಾವಿಸುವವರಿದ್ದಾರೆ. 1890ರ ದಶಕದಲ್ಲಿಯೇ ಇಂಗ್ಲೆಂಡಿನಲ್ಲಿ ಅದು ಮಾರಾಟಕ್ಕೆ ಬಂದಿತ್ತು. ಅಮೆರಿಕದ ಕ್ರೇಗ್ ಕಾಲ್ಫೀ 1990ರ ದಶಕದಲ್ಲಿ ಅದಕ್ಕೆ ಮರುಜೀವ ಕೊಟ್ಟರು. ಪುಣೆಯಲ್ಲಿ ವಾಯುಸೇನೆಯಿಂದ ನಿವೃತ್ತರಾದ ಅಧಿಕಾರಿಯೊಬ್ಬರು ‘ಬಂಬೂಚಿ’ ಎಂಬ ಹೆಸರಿನಿಂದ ಇಂತಹ ಸೈಕಲ್ಲುಗಳನ್ನು ಕೈಯಿಂದ ತಯಾರಿಸಿದ್ದಾರೆ. ಒಣಗಿಸಿದ ಬಿದಿರು ಹಗುರ, ಗಟ್ಟಿ, ಅದುರನ್ನು ಹೀರಬಲ್ಲುದು. ಆದರೆ ಒಂದು ಬೊಂಬಿನಂತೆ ಇನ್ನೊಂದಿರದಾದ್ದರಿಂದ ಪ್ರತಿಯೊಂದನ್ನೂ ಕೈಯಲ್ಲಿ ಹಿಡಿದು, ತಟ್ಟಿ, ಪರೀಕ್ಷಿಸಿಯೇ ಆರಿಸಬೇಕು. ಮೇದಾರನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಇಷ್ಟೆಲ್ಲ ದೂರದ ಮಾತಾಯಿತೆಂದು ಯಾರಾದರೂ ಆಕ್ಷೇಪಿಸಬಹುದು. ಈ ಸೀಮೆಯ ಕರಿಮಣ್ಣಿನ ದಾರಿಯನ್ನು ಮಳೆಗಾಲದಲ್ಲಿ ಕಂಡವರು ಹಾಗೆನ್ನಲಾರರು. ಮಣ್ಣು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡು, ನಾಲ್ಕು ಹೆಜ್ಜೆಗೊಮ್ಮೆ ಕಡ್ಡಿಯಿಂದ ಕೆದರುವ ಕಷ್ಟ. ಕೊನೆಗೆ ಸೈಕಲ್ಲನ್ನೇ ಹೆಗಲ ಮೇಲೆ ಹೊರುವ ಪಾಡು. ಈ ದಾರಿಗೆ ಬೇಕಾದುದು ಗಾಲಿಯ ಎರಡೂ ಪಕ್ಕಗಳಲ್ಲಿ ಎರಡೆರಡು ಬೆರಳು ಹೆಚ್ಚು ಎಡೆಯಿರುವ, ಅಗಲವಾದ ಫೋರ್ಕು. ಕಾರ್ಖಾನೆಯ ಅಚ್ಚಿಗೆ ತಿಳಿಯದ ಈ ಮಾತು ಕೈಯಿಂದ ಕಟ್ಟುವವನಿಗೆ ಒಂದು ಪ್ರಶ್ನೆಯಿಂದಲೇ ತಿಳಿಯುತ್ತದೆ. ಹಾಲಿನ ಕ್ಯಾನು, ಕೊಡಪಾನ ಹೊರುವವರು ಬೆಸುಗೆಯ ಅಂಗಡಿಯಲ್ಲಿ ಫೋರ್ಕಿಗೆ ಸರಳುಗಳನ್ನೂ ಕ್ಯಾರಿಯರಿಗೆ ಊರೆಗಳನ್ನೂ ಹಚ್ಚಿಸಿಕೊಳ್ಳುವುದು ಇದೇ ವಿದ್ಯೆಯ ಮೊದಲ ಪಾಠ.

ಕೈಯಿಂದ ಕಟ್ಟಿದ ಚೌಕಟ್ಟು ದುಬಾರಿಯಾದುದು. ಪ್ರತಿ ಮಗುವಿಗೂ ಅದನ್ನು ಒದಗಿಸುವುದು ಅಶಕ್ಯ. ಬೆಳೆಯುವ ಮಗುವಿಗೆ ಇಂದಿನ ಅಳತೆ ಎರಡು ವರ್ಷಗಳ ಮೇಲೆ ಸಾಲದು. ಕರ್ನಾಟಕ ಸರ್ಕಾರವು 2006-07ರಲ್ಲಿ ಆರಂಭಿಸಿದ ಯೋಜನೆಯಿಂದ ಎಂಟನೆಯ ತರಗತಿಯ ಮಕ್ಕಳು, ವಿಶೇಷವಾಗಿ ದೂರದ ಹಳ್ಳಿಗಳ ಹೆಣ್ಣುಮಕ್ಕಳು, ಪ್ರೌಢಶಾಲೆಯನ್ನು ಮುಟ್ಟಿದ್ದು ಸಾಮಾನ್ಯ ಸಾಧನೆಯಲ್ಲ. ಆದರೂ ಒಂದೇ ತರಗತಿಯ ಮಕ್ಕಳ ಎತ್ತರದಲ್ಲಿ ಗೇಣಿಗಿಂತ ಹೆಚ್ಚು ಅಂತರವಿರುವುದನ್ನು ಪ್ರಾರ್ಥನೆಯ ಸಾಲಿನಲ್ಲಿ ನಿಲ್ಲಿಸುವ ಶಿಕ್ಷಕರು ಬಲ್ಲರು. ಶಾಲೆಗೆ ಸೈಕಲ್ಲುಗಳನ್ನು ದಾನವಾಗಿ ಕೊಡಿಸುವವರು ಒಂದೇ ಗಾತ್ರದ ಹತ್ತನ್ನು ತರುವ ಬದಲು, ಗೋಡೆ, ಪುಸ್ತಕ, ಅಳತೆಪಟ್ಟಿಗಳಿಂದ ಅರ್ಧ ಗಂಟೆಯಲ್ಲಿ ಮಕ್ಕಳ ಪಟ್ಟಿ ಮಾಡಿಸಿ, 18, 20, 22 ಅಂಗುಲಗಳ ಚೌಕಟ್ಟುಗಳಲ್ಲಿ ಯಾವುದು ಎಷ್ಟು ಬೇಕೆಂದು ಅಂಗಡಿಯವನಿಗೆ ಹೇಳಬಹುದು. ಮಗು ಬೆಳೆದಂತೆ ಸೈಕಲ್ಲು ಕೆಳಗಿನ ತರಗತಿಯ ಇನ್ನೊಂದು ಮಗುವಿಗೆ ಸಲ್ಲುತ್ತದೆ.